'48 ಗಂಟೆ ಕಾಯಿರಿ' ಅಂದಾಗ ಕೇಳಬೇಕಾದ ಪ್ರಶ್ನೆ

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಎರಡು ಉದ್ಯೋಗ. ಒಂದಕ್ಕೆ ಸಂಬಳ ಬರುತ್ತೆ, ಇನ್ನೊಂದು ಬಂಧುಬಳಗದ ಸೇವೆ. ವೈಫೈ ಬರ್ತಿಲ್ಲ, ಪ್ರಿಂಟರ್ ಓಡ್ತಿಲ್ಲ, ಫೋನ್ ತುಂಬಿ ಹೋಗಿದೆ, ಎಲ್ಲದಕ್ಕೂ ನಮ್ಮನ್ನೇ ಕೇಳೋದು. ನಾನು ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಕೋಡ್ ಬರೀತಿದ್ದೀನಿ. ಆಫೀಸಿನಲ್ಲಿ ನನ್ನ ಪಾಲಿಗಿರೋದು ದೊಡ್ಡ ವ್ಯವಸ್ಥೆಯ ಒಂದು ಸಣ್ಣ ತುಂಡು ಮಾತ್ರ. ಊರಿನವರ ಲೆಕ್ಕದಲ್ಲಿ ಮಾತ್ರ ನಾನು 'ಕಂಪ್ಯೂಟರ್ ಗೊತ್ತಿರೋನು'.

ಈ ಎರಡನೇ ಉದ್ಯೋಗದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು 'ಸ್ವಲ್ಪ ಕಾಯಿರಿ, ತಾನಾಗೇ ಸರಿ ಹೋಗುತ್ತೆ' ಅನ್ನೋದು. ಎಷ್ಟೋ ಸಲ ಅದು ನಿಜ. ಇನ್ನೆಷ್ಟೋ ಸಲ ಅಲ್ಲ. ಈ ಎರಡರ ವ್ಯತ್ಯಾಸ ತಿಳಿಯದೆ ಕಾದರೆ ಏನಾಗುತ್ತೆ ಅನ್ನೋದು ಕಳೆದ ವರ್ಷ ದಸರಾ ಹೊತ್ತಿಗೆ ನಮ್ಮ ಸೋದರಮಾವನ ಮನೆಯಲ್ಲಿ ಚೆನ್ನಾಗಿ ಗೊತ್ತಾಯ್ತು.

ಮಾವನದು ಮೂಡಿಗೆರೆ ಹತ್ತಿರ ಆರು ಎಕರೆ ಕಾಫಿ ತೋಟ, ನಡುನಡುವೆ ಮೆಣಸಿನ ಬಳ್ಳಿ. ಕಾಫಿ ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಬ್ಯಾಂಕ್ ಸಾಲ ತೀರಿಸೋಕೆ ಅಂತ ಹಳೇ ಮನೆಯ ಒಂದು ಭಾಗವನ್ನ ಮೂರು ರೂಮಿನ ಹೋಮ್‌ಸ್ಟೇ ಮಾಡಿದರು. ಅತ್ತೆಯ ಅಕ್ಕಿ ರೊಟ್ಟಿ, ಕಡುಬಿಗಾಗಿಯೇ ಎರಡನೇ ಸಲ ಬರೋರಿದ್ದಾರೆ. ದೊಡ್ಡ ಬುಕಿಂಗ್ ಆ್ಯಪ್‌ಗಳಿಗೆ ಕಮಿಷನ್ ಕೊಡೋದು ಮಾವನಿಗೆ ಇಷ್ಟವಿಲ್ಲ. ಹಾಗಾಗಿ ಡಾಟ್ ಕಾಮ್ ಹೆಸರಿನ ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ಅದರಲ್ಲೇ ರೂಮ್ ಬುಕ್ ಮಾಡಿ ಮುಂಗಡ ಕಟ್ಟಬಹುದು. ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ದಸರಾ ಮತ್ತು ಕ್ರಿಸ್‌ಮಸ್ ರಜೆಗಳಲ್ಲೇ ಬರೋದು.

ಹಳೇ ಹೋಸ್ಟಿಂಗ್ ಕಂಪನಿಯವರು ಶುಲ್ಕ ಏರಿಸಿದರು ಅಂತ ಮಾವ ಬೇರೆ ಕಂಪನಿ ಹಿಡಿದರು. 'ಸೈಟನ್ನ ನಾವೇ ಉಚಿತವಾಗಿ ಸ್ಥಳಾಂತರ ಮಾಡಿಕೊಡ್ತೀವಿ' ಅಂತ ಹೊಸಬರು ಹೇಳಿದ್ದರು. ಒಂದು ಗುರುವಾರ ಸಂಜೆ ಆರಕ್ಕೆ ಕೆಲಸ ಮುಗೀತು ಅಂತ ಮೇಲ್ ಬಂತು. ಹೊಸ ಸೈಟಿನಲ್ಲಿ ದಸರಾ ದರ ಹಾಕಿದ್ದರು, ಮೊದಲ ಪುಟದ ಫೋಟೊ ಬದಲಾಗಿತ್ತು.

ಶುಕ್ರವಾರ ಸಂಜೆ ಮಾವನ ಫೋನ್. "ಮಾರಾಯ, ಇವರು ಬದಲಾಯ್ಸಿದ್ವಿ ಅಂತಾರೆ. ನನ್ನ ಫೋನಲ್ಲಿ ಹಳೇದೇ ಬರ್ತಿದೆ. ಮಂಗಳೂರಲ್ಲಿ ಹಾಸ್ಟೆಲಲ್ಲಿರೋ ಮಗಳಿಗೆ ಹೊಸದು ಕಾಣ್ತದಂತೆ. ಒಂದೇ ಹೆಸರು, ಎರಡು ಸೈಟು. ಇದೆಂಥದು?"

ಅವರು ಅಷ್ಟು ಹೊತ್ತಿಗೆ ಸಪೋರ್ಟಿಗೆ ಮೂರು ಸಲ ಫೋನ್ ಮಾಡಿದ್ದರು. ಮೂರು ಸಲವೂ ಒಂದೇ ಉತ್ತರ: 'ಡಿಎನ್‌ಎಸ್ ಪ್ರಾಪಗೇಶನ್ ಸರ್, 24ರಿಂದ 48 ಗಂಟೆ ಆಗುತ್ತೆ, ಕಾಯಿರಿ.'

ಪ್ರಾಪಗೇಶನ್ ಅಂದರೆ ಹರಡುವಿಕೆ. ಹೊಸ ವಿಳಾಸ ಯಾವುದೋ ಕೇಂದ್ರದಿಂದ ಹೊರಟು ನಿಧಾನವಾಗಿ ದೇಶವೆಲ್ಲ ಹರಡುತ್ತಿದೆ, ಮಂಗಳೂರಿಗೆ ತಲುಪಿದೆ, ಮೂಡಿಗೆರೆ ಘಟ್ಟ ಇನ್ನೂ ಹತ್ತಿಲ್ಲ ಅನ್ನೋ ಚಿತ್ರ ಮನಸ್ಸಿಗೆ ಬರುತ್ತೆ. ಈ ಹೆಸರೇ ದಾರಿ ತಪ್ಪಿಸೋದು. ಅಲ್ಲಿ ಏನೂ ಹರಡ್ತಿರಲ್ಲ.

ನೀವು ಮನೆ ಬದಲಾಯಿಸಿದಿರಿ ಅಂತಿಟ್ಟುಕೊಳ್ಳಿ. ನಿಮ್ಮ ಹೊಸ ವಿಳಾಸ ನಿಮ್ಮ ಅಣ್ಣನಿಗೆ ಗೊತ್ತು. ಇವತ್ತು ಅಣ್ಣನನ್ನ ಕೇಳಿ ಹೊರಟವರು ನೇರ ಹೊಸ ಮನೆಗೆ ಬರ್ತಾರೆ. ಆದರೆ ನಿನ್ನೆಯೇ ಕೇಳಿ ಡೈರಿಯಲ್ಲಿ ಬರೆದುಕೊಂಡವರು? ಅವರು ಮತ್ತೆ ಯಾಕೆ ಕೇಳ್ತಾರೆ? ಡೈರಿ ನೋಡಿಕೊಂಡು ಹಳೇ ಮನೆ ಬಾಗಿಲು ತಟ್ತಾರೆ. ಅವರಿಗೆ ಹೊಸ ಸುದ್ದಿ 'ತಲುಪಿಲ್ಲ' ಅನ್ನೋದಕ್ಕಿಂತ, ಹಳೇ ಉತ್ತರ ಕೈಯಲ್ಲಿರೋದರಿಂದ ಅವರು ಕೇಳಲೇ ಇಲ್ಲ ಅನ್ನೋದು ಸರಿ.

ಡೊಮೈನ್ ಹೆಸರಿನ ವ್ಯವಸ್ಥೆ ನಡೆಯೋದೇ ಹೀಗೆ. ಕಂಪ್ಯೂಟರುಗಳಿಗೆ ಹೆಸರು ಬೇಡ, ಸಂಖ್ಯೆ ಬೇಕು. ಬ್ರೌಸರಿನಲ್ಲಿ ಹೆಸರು ಬರೆದಾಗ ನಿಮ್ಮ ಫೋನು ನಿಮ್ಮ ಇಂಟರ್‌ನೆಟ್ ಕಂಪನಿಯ 'ರಿಸಾಲ್ವರ್' ಅನ್ನೋ ಕಂಪ್ಯೂಟರನ್ನ ಕೇಳುತ್ತೆ. ಅದಕ್ಕೆ ಗೊತ್ತಿಲ್ಲದಿದ್ದರೆ ಮೊದಲು ರೂಟ್ ಸರ್ವರನ್ನ, ಆಮೇಲೆ ಡಾಟ್ ಕಾಮ್ ನೋಡಿಕೊಳ್ಳೋ ಸರ್ವರನ್ನ, ಕೊನೆಗೆ ಆ ಸೈಟಿನ ಸ್ವಂತ ನೇಮ್‌ಸರ್ವರನ್ನ ಕೇಳಿ ಉತ್ತರ ತರುತ್ತೆ. ತಂದ ಉತ್ತರವನ್ನ ತನ್ನ ಡೈರಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಇಟ್ಟುಕೊಳ್ಳುತ್ತೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನೋದು ಉತ್ತರದ ಜೊತೆಗೇ ಸೆಕೆಂಡುಗಳಲ್ಲಿ ಬರೆದಿರುತ್ತೆ. ಅದರ ಹೆಸರು ಟಿಟಿಎಲ್. ಹಾಲಿನ ಪ್ಯಾಕೆಟ್ಟಿನ ಮೇಲೆ 'ಇಷ್ಟರೊಳಗೆ ಬಳಸಿ' ಅಂತ ಇರುತ್ತಲ್ಲ, ಹಾಗೆ.

ಇದನ್ನ ಬೇಕಂತಲೇ ಹೀಗೆ ಕಟ್ಟಿದ್ದಾರೆ. 1970ರ ದಶಕದಲ್ಲಿ ನೆಟ್‌ವರ್ಕಿನ ಎಲ್ಲ ಕಂಪ್ಯೂಟರುಗಳ ಹೆಸರು, ಸಂಖ್ಯೆ ಒಂದೇ ಕಡತದಲ್ಲಿರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನ ನೋಡಿಕೊಳ್ಳುತ್ತಿತ್ತು. ಎಲ್ಲರೂ ಆಗಾಗ ಅದರ ಪ್ರತಿ ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರುಗಳು ಹೆಚ್ಚಿದ ಹಾಗೆ ಒಂದು ಕಡತದಲ್ಲಿ ಸಂಭಾಳಿಸೋದು ಅಸಾಧ್ಯವಾಯ್ತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ಡಿಎನ್‌ಎಸ್ ವಿನ್ಯಾಸ ಮಾಡಿದರು. ಹೊಣೆಯನ್ನ ಹಂಚಿದರು, ಉತ್ತರಗಳನ್ನ ದಾರಿಯಲ್ಲೇ ನೆನಪಿಟ್ಟುಕೊಳ್ಳೋಕೆ ಬಿಟ್ಟರು. ಆ ನೆನಪು ಇಲ್ಲದಿದ್ದರೆ ಪ್ರತಿ ಸಲವೂ ಮೇಲಿಂದ ಕೆಳಗಿನ ತನಕ ಕೇಳಿಕೊಂಡು ಬರಬೇಕಿತ್ತು. ಎ ಯಿಂದ ಎಂ ತನಕ 13 ಹೆಸರುಗಳ ರೂಟ್ ಸರ್ವರುಗಳು ಇವತ್ತಿನ ಇಡೀ ಇಂಟರ್‌ನೆಟ್ಟನ್ನ ತಡೆದುಕೊಳ್ಳೋಕೆ ಈ ನೆನಪಿನ ಪಾಲು ದೊಡ್ಡದು. ಸೈಟ್ ಬದಲಾಯಿಸಿದಾಗ ಆಗೋ ತಡ ಆ ವೇಗಕ್ಕೆ ನಾವು ಕೊಡೋ ಬೆಲೆ.

ಹಾಗಾದರೆ 48 ಗಂಟೆ ಎಲ್ಲಿಂದ ಬಂತು? 'ಈ ಹೆಸರಿನ ನೇಮ್‌ಸರ್ವರ್ ಇಂಥದ್ದು' ಅಂತ ಡಾಟ್ ಕಾಮ್ ಸರ್ವರುಗಳು ಕೊಡೋ ಉತ್ತರದ ಟಿಟಿಎಲ್ 1,72,800 ಸೆಕೆಂಡು. ಲೆಕ್ಕ ಹಾಕಿ ನೋಡಿ, ಸರಿಯಾಗಿ 48 ಗಂಟೆ. ಅಂದರೆ ಮಾವನ ಸೈಟಿನ ನೇಮ್‌ಸರ್ವರ್ ಬದಲಾಗೋ ಒಂದು ನಿಮಿಷ ಮುಂಚೆ ಯಾವುದೋ ರಿಸಾಲ್ವರ್ ಕೇಳಿದ್ದರೆ, ಅದು ಶನಿವಾರ ಸಂಜೆ ಆರರ ತನಕ ಹಳೇ ನೇಮ್‌ಸರ್ವರನ್ನೇ ನಂಬಿಕೊಂಡಿರಬಹುದು. ಸಪೋರ್ಟಿನವರು ಸುಳ್ಳು ಹೇಳಿರಲಿಲ್ಲ. ಆದರೆ ಮಾವನ ತೊಂದರೆ ನಿಜವಾಗಲೂ ಇದೇನಾ ಅಂತ ಯಾರೂ ನೋಡಿರಲಿಲ್ಲ.

ನಾನು ಲ್ಯಾಪ್‌ಟಾಪ್ ತೆಗೆದೆ. ಮನೆಯ ವೈಫೈನಲ್ಲಿ ಹೊಸ ಸೈಟ್ ಬಂತು. ಫೋನಿನಲ್ಲಿ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಹಳೇದು. ಒಂದೇ ಮನೆ, ಒಂದೇ ಮೇಜು.

'ಡಿಗ್' ಅಂತ ಒಂದು ಸಣ್ಣ ಉಪಕರಣ ಇದೆ. ಬೇಕಾದ ರಿಸಾಲ್ವರನ್ನೇ ಹೆಸರು ಹಿಡಿದು ಕೇಳೋಕೆ ಅದು ಬಿಡುತ್ತೆ. ಮೊದಲು 8.8.8.8 ಅನ್ನ ಕೇಳಿದೆ. ಇದು ಗೂಗಲ್‌ನ ಸಾರ್ವಜನಿಕ ರಿಸಾಲ್ವರ್. ಹೊಸ ವಿಳಾಸ ಬಂತು. ಆಮೇಲೆ ನಮ್ಮ ಆಫೀಸಿನ ರಿಸಾಲ್ವರನ್ನ ಕೇಳಿದೆ. ಹಳೇ ವಿಳಾಸ, ಪಕ್ಕದಲ್ಲಿ 9,842 ಅನ್ನೋ ಸಂಖ್ಯೆ. ಹತ್ತು ಸೆಕೆಂಡು ಬಿಟ್ಟು ಮತ್ತೆ ಕೇಳಿದರೆ 9,832. ಅದು ಇಳಿಯುತ್ತಿರೋ ಗಡಿಯಾರ. ಸೊನ್ನೆಯಾದಾಗ ಆ ರಿಸಾಲ್ವರ್ ಹಳೇ ಉತ್ತರ ಬಿಸಾಕಿ ಮತ್ತೆ ಕೇಳಲೇಬೇಕು. ಹಳೇ ಕಂಪನಿಯಲ್ಲಿ ಈ ದಾಖಲೆಯ ಟಿಟಿಎಲ್ 14,400, ಅಂದರೆ ನಾಲ್ಕು ಗಂಟೆ. ಇದು ಕಾದರೆ ಹೋಗೋ ತೊಂದರೆ. ಎಷ್ಟು ಕಾಯಬೇಕು ಅನ್ನೋದಕ್ಕೂ ಲೆಕ್ಕ ಇದೆ.

ಆದರೆ ಒಂದು ಸಣ್ಣ ಅನುಮಾನ ಉಳೀತು. ನನ್ನ ಮೊಬೈಲ್ ಡೇಟಾದಲ್ಲಿ ಹಳೇದು, ಮಾವನ ಮೊಬೈಲ್ ಡೇಟಾದಲ್ಲೂ ಹಳೇದು. ವೈಫೈ ಬಳಸಿದ ಹೆಚ್ಚಿನವರಿಗೆ ಹೊಸದು. ಬರೀ ಕ್ಯಾಶ್ ಕಾರಣವಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಎರಡು ಗುಂಪು ಆಗೋದು ಕಷ್ಟ.

ಹಾಗಾಗಿ ಯಾವ ಡೈರಿಯನ್ನೂ ಕೇಳದೆ ನೇರವಾಗಿ ಮೂಲವನ್ನೇ, ಅಂದರೆ ಹೊಸ ಕಂಪನಿಯ ನೇಮ್‌ಸರ್ವರನ್ನೇ ಕೇಳಿದೆ. ಒಂದು ಹೆಸರಿಗೆ ಎರಡು ಬಗೆಯ ವಿಳಾಸ ಇರಬಹುದು. ಹಳೇ ಪದ್ಧತಿಯ ಐಪಿವಿ4 ವಿಳಾಸ 'ಎ' ದಾಖಲೆಯಲ್ಲಿರುತ್ತೆ. ಹೊಸ ಪದ್ಧತಿಯ ಉದ್ದನೆಯ ಐಪಿವಿ6 ವಿಳಾಸ ಇರೋದು ನಾಲ್ಕು 'ಎ'ಗಳ ದಾಖಲೆಯಲ್ಲಿ. ನಮ್ಮವರು ಅದನ್ನ 'ಕ್ವಾಡ್ ಎ' ಅಂತಾರೆ. 'ಎ' ದಾಖಲೆ ಹೊಸ ಸರ್ವರನ್ನೇ ತೋರಿಸ್ತಿತ್ತು. 'ಕ್ವಾಡ್ ಎ' ಮಾತ್ರ ಹಳೇ ಸರ್ವರಿನ ವಿಳಾಸ ಹೇಳ್ತಿತ್ತು. ಅದೂ ಹೊಸ ಕಂಪನಿಯ ನೇಮ್‌ಸರ್ವರಿನಲ್ಲೇ!

ಸ್ಥಳಾಂತರ ಮಾಡಿದವರು ಹಳೇ ದಾಖಲೆಗಳನ್ನೆಲ್ಲ ಹಾಗೇ ನಕಲು ಮಾಡಿ, ಆಮೇಲೆ 'ಎ' ಒಂದನ್ನೇ ತಿದ್ದಿದ್ದರು. ನಮ್ಮಲ್ಲಿ ಮೊಬೈಲ್ ಡೇಟಾದಲ್ಲಿ ಐಪಿವಿ6 ಸಾಮಾನ್ಯ. ಎರಡೂ ಬಗೆಯ ವಿಳಾಸ ಸಿಕ್ಕಿದರೆ ಫೋನು ಐಪಿವಿ6ಗೇ ಮೊದಲ ಮಣೆ ಹಾಕುತ್ತೆ. ಹಳೇ ಸರ್ವರ್ ಇನ್ನೂ ಓಡ್ತಾ ಇದ್ದಿದ್ದರಿಂದ ಮಾವನ ಫೋನು ಹೇಳಿದ ವಿಳಾಸಕ್ಕೇ ಹೋಗಿ ಹಳೇ ಸೈಟ್ ತಂದು ತೋರಿಸ್ತಿತ್ತು.

ಇದು 48 ಗಂಟೆಯಲ್ಲ, 48 ದಿನ ಕಾದರೂ ಸರಿ ಹೋಗದ ತೊಂದರೆ. ಡೈರಿ ಹಳೇದಾದರೆ ಕಾಯಬಹುದು. ಕೇಳಿದವರಿಗೆಲ್ಲ ಅಣ್ಣನೇ ಹಳೇ ವಿಳಾಸ ಹೇಳ್ತಿದ್ದರೆ ಕಾದು ಏನು ಪ್ರಯೋಜನ?

ಮಾವನಿಗೆ ಇಷ್ಟನ್ನ ಫೋನಿನಲ್ಲಿ ಹೇಗೆ ವಿವರಿಸೋದು ಅಂತ ಯೋಚಿಸ್ತಿದ್ದೆ. ಅವರಿಗೆ ನನಗಿಂತ ಬೇಗ ಅರ್ಥವಾಯ್ತು. "ಓ, ಹಾಗೆ. ಹೂಮಳೆ ಬಿದ್ದ ಮೇಲೆ ಕಾಫಿ ಹೂ ಅರಳೋಕೆ ಎಂಟು ಹತ್ತು ದಿನ ಬೇಕು. ಅದಕ್ಕೆ ಕಾಯ್ಬೇಕು, ಗಿಡದ ಹತ್ರ ಹೋಗಿ ಅವಸರ ಮಾಡಿ ಪ್ರಯೋಜನ ಇಲ್ಲ. ಆದ್ರೆ ಕಾಂಡಕೊರಕ ಬಿದ್ದ ಗಿಡನ ನೋಡ್ಕೊಂಡು ಕೂತ್ರೆ ಆಗುತ್ತಾ? ಕಿತ್ತು ಸುಡ್ಬೇಕು. ಇಲ್ದಿದ್ರೆ ಪಕ್ಕದ್ದಕ್ಕೂ ಹೋಗುತ್ತೆ. ಇದು ಎರಡನೇದು ಅಲ್ವಾ?"

ಹೌದು ಮಾವ, ಎರಡನೇದು ಅಂದೆ.

ದಾಖಲೆ ತೆಗೆಯೋಕೆ ಹೊಸ ಕಂಪನಿಯ ಖಾತೆಗೆ ಲಾಗಿನ್ ಆಗಬೇಕು, ಓಟಿಪಿ ಮಾವನ ಫೋನಿಗೆ ಬರುತ್ತೆ. ಅವರ ಮನೆಯೊಳಗೆ ಸಿಗ್ನಲ್ ಇಲ್ಲ, ಕಾಫಿ ಒಣಗಿಸೋ ಕಣದ ಒಂದು ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ. ಮಳೆ ಬೇರೆ. ಮಾವ ಕೊಡೆ ಹಿಡಿದು ಕಣದಲ್ಲಿ ನಿಂತು ಒಂದೊಂದೇ ಅಂಕಿ ಕೂಗಿ ಹೇಳಿದರು. ಮೊದಲ ಓಟಿಪಿಯ ಸಮಯ ಮುಗಿದು ಹೋಯ್ತು, ಎರಡನೇದು ಸರಿ ಹೋಯ್ತು. ಹೊಸ ಸರ್ವರಿಗೆ ಐಪಿವಿ6 ವಿಳಾಸ ಕೊಟ್ಟಿರಲಿಲ್ಲವಾದ್ದರಿಂದ ಆ ದಾಖಲೆಯನ್ನೇ ಅಳಿಸಿದೆ.

ಇನ್ನೊಂದು ಕೆಲಸ ಇತ್ತು. ಹಳೇ ಕಂಪನಿಯ ಖಾತೆ ತಿಂಗಳ ಕೊನೆ ತನಕ ಜೀವಂತವಾಗಿತ್ತು. ಅಲ್ಲಿಯ ನೇಮ್‌ಸರ್ವರಿನಲ್ಲೂ 'ಎ' ದಾಖಲೆಯನ್ನ ಹೊಸ ಸರ್ವರಿನ ವಿಳಾಸಕ್ಕೆ ತಿದ್ದಿ, ಅಲ್ಲಿದ್ದ 'ಕ್ವಾಡ್ ಎ'ಯನ್ನೂ ತೆಗೆದೆ. ಇದರಿಂದ ಏನು ಲಾಭ ಅಂದರೆ, ಶನಿವಾರದ ತನಕ ಹಳೇ ನೇಮ್‌ಸರ್ವರನ್ನೇ ನಂಬಿಕೊಂಡಿರೋ ರಿಸಾಲ್ವರುಗಳಿಗೂ ಅಲ್ಲಿಂದ ಸರಿಯಾದ ಉತ್ತರವೇ ಸಿಗುತ್ತೆ. ಹಳೇ ಮನೆಯ ಬಾಗಿಲಿಗೆ 'ನಾವು ಇಲ್ಲಿಲ್ಲ, ಅಲ್ಲಿದ್ದೀವಿ' ಅಂತ ಚೀಟಿ ಅಂಟಿಸಿದ ಹಾಗೆ. 48 ಗಂಟೆಯ ಕಾಯುವಿಕೆ ನಾಲ್ಕು ಗಂಟೆಗೆ ಇಳೀತು. ರಾತ್ರಿ ಒಂದೂವರೆಗೆ ನನ್ನ ಫೋನಿನಲ್ಲಿ ಹೊಸ ಫೋಟೊ ಬಂತು.

ಸೈಟ್ ಸರಿ ಹೋಯ್ತು. ಆದರೆ ನಿಜವಾದ ಪೆಟ್ಟು ಬೇರೆ ಕಡೆ ಬಿದ್ದಿತ್ತು.

ಎರಡು ಸೈಟ್ ಅಂದರೆ ಎರಡು ಬುಕಿಂಗ್ ಪುಸ್ತಕ. ಹಳೇ ಸರ್ವರಿನಲ್ಲಿ ಒಂದು ಡೇಟಾಬೇಸ್, ಹೊಸದರಲ್ಲಿ ಅದರ ನಕಲು. ಗುರುವಾರ ಸಂಜೆ ಆರರ ತನಕ ಎರಡೂ ಒಂದೇ. ಆಮೇಲೆ ಮೊಬೈಲಿನಲ್ಲಿ ಬುಕ್ ಮಾಡಿದವರ ಹೆಸರು ಹೆಚ್ಚಾಗಿ ಹಳೇ ಪುಸ್ತಕಕ್ಕೆ ಹೋಯ್ತು, ವೈಫೈನಲ್ಲಿ ಮಾಡಿದವರದ್ದು ಹೊಸದಕ್ಕೆ. ಒಂದು ಪುಸ್ತಕಕ್ಕೆ ಇನ್ನೊಂದರ ಸುದ್ದಿ ಇಲ್ಲ. ಆ ರಾತ್ರಿಯೇ ಹಳೇ ಸೈಟಿನ ಫಾರ್ಮ್ ಮುಚ್ಚಿ, 'ದಯವಿಟ್ಟು ಫೋನ್ ಮಾಡಿ' ಅಂತ ಮಾವನ ನಂಬರ್ ಹಾಕಿದೆ. ಎರಡೂ ಪಟ್ಟಿ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿದೆ. ಹಳೇದರಲ್ಲಿ ಮೂರು ಬುಕಿಂಗ್ ಹೆಚ್ಚಿಗೆ ಇದ್ದವು. ಅದರಲ್ಲೊಂದು ದಸರಾ ರಜೆಯ ಎರಡು ರಾತ್ರಿಗೆ, ಹುಬ್ಬಳ್ಳಿಯ ಒಂದು ಕುಟುಂಬದ್ದು. 'ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗಿನ ರೂಮೇ ಬೇಕು' ಅಂತ ಬರೆದಿದ್ದರು. ಅದೇ ಎರಡು ರಾತ್ರಿಗೆ ಅದೇ ರೂಮನ್ನ ಬೆಂಗಳೂರಿನ ಗಂಡ ಹೆಂಡತಿ ಹೊಸ ಸೈಟಿನಲ್ಲಿ ಬುಕ್ ಮಾಡಿದ್ದರು. ಇಬ್ಬರೂ ಮುಂಗಡ ಕಟ್ಟಿದ್ದರು. ಉಳಿದ ಎರಡು ರೂಮೂ ಭರ್ತಿ.

ಮೇಲ್‌ಗಳದ್ದೂ ಇದೇ ಕಥೆ. ಹೋಮ್‌ಸ್ಟೇಯ ಮೇಲ್ ಪೆಟ್ಟಿಗೆ ಹೋಸ್ಟಿಂಗ್ ಜೊತೆಗೇ ಬಂದಿದ್ದು. ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋದು 'ಎಂಎಕ್ಸ್' ಅನ್ನೋ ಇನ್ನೊಂದು ದಾಖಲೆ. ಮಾವ ಹೊಸ ಪೆಟ್ಟಿಗೆ ನೋಡ್ತಿದ್ದರು, ಹಳೇ ಪೆಟ್ಟಿಗೆಯಲ್ಲಿ ನಾಲ್ಕು ಮೇಲ್ ಯಾರೂ ಓದದೆ ಬಿದ್ದಿದ್ದವು. ಒಂದರಲ್ಲಿ ಹುಬ್ಬಳ್ಳಿಯವರೇ 'ರೂಮ್ ಖಾತ್ರಿ ಆಯ್ತಾ?' ಅಂತ ಕೇಳಿದ್ದರು.

ಶನಿವಾರ ಬೆಳಗ್ಗೆ ಮಾವ ಬೆಂಗಳೂರಿನವರಿಗೆ ಫೋನ್ ಮಾಡಿದರು. ಡಿಎನ್‌ಎಸ್, ಸರ್ವರ್ ಅಂತ ಒಂದು ಮಾತೂ ಆಡಲಿಲ್ಲವಂತೆ. ಎರಡು ಬುಕಿಂಗ್ ಆಗಿದೆ, ಇನ್ನೊಬ್ಬರ ಜೊತೆ ವಯಸ್ಸಾದವರಿದ್ದಾರೆ ಅಂದರು. ಮೂರು ಕಿಲೋಮೀಟರ್ ಆಚೆ ಸ್ನೇಹಿತರ ಹೋಮ್‌ಸ್ಟೇಯಲ್ಲಿ ಇದಕ್ಕಿಂತ ಒಳ್ಳೇ ರೂಮಿದೆ, ದರದ ವ್ಯತ್ಯಾಸ ನಾನೇ ಕೊಡ್ತೀನಿ, ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬನ್ನಿ ಅಂದರು. ಅವರು ಒಪ್ಪಿದರು. ಆ ವ್ಯತ್ಯಾಸದ ದುಡ್ಡು, ಹೊಸ ಹೋಸ್ಟಿಂಗ್‌ನಿಂದ ಒಂದು ವರ್ಷಕ್ಕೆ ಉಳಿಯುತ್ತೆ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಯ್ತು. ಮಾವ ಅದರ ಬಗ್ಗೆ ಏನೂ ಹೇಳಲಿಲ್ಲ. ಅತ್ತೆ ಮಾತ್ರ "ದುಡ್ಡು ಹೋದ್ರೆ ಹೋಗ್ಲಿ, ಆ ಅಜ್ಜಿ ಇಷ್ಟು ದೂರ ಬಂದು ಬಾಗಿಲಲ್ಲಿ ನಿಲ್ಲೋ ಹಾಗಾಗ್ಲಿಲ್ವಲ್ಲ" ಅಂದರು.

ನಾನೂ ಅದನ್ನೇ ಯೋಚಿಸ್ತಿದ್ದೆ. ಶುಕ್ರವಾರ ಎಲ್ಲರೂ ಸುಮ್ಮನೆ ಕಾದಿದ್ದರೆ ಏನಾಗ್ತಿತ್ತು? ತಿಂಗಳ ಕೊನೆಗೆ ಹಳೇ ಕಂಪನಿ ಖಾತೆ ಮುಚ್ಚುವಾಗ ಆ ಮೂರು ಬುಕಿಂಗ್, ನಾಲ್ಕು ಮೇಲ್ ಅದರ ಜೊತೆಗೇ ಅಳಿಸಿ ಹೋಗ್ತಿದ್ದವು. ಬಾಗಿಲಿಗೆ ಜನ ಬಂದು ನಿಂತಾಗಲೇ ಗೊತ್ತಾಗ್ತಿದ್ದಿದ್ದು.

ನಿಮ್ಮ ಮನೆಯಲ್ಲೂ ಅಂಗಡಿಯದ್ದೋ, ಟ್ಯೂಷನ್‌ನದ್ದೋ, ಉಪ್ಪಿನಕಾಯಿಯದ್ದೋ ಒಂದು ಸೈಟ್ ಇರಬಹುದು. ಅದನ್ನ ಬೇರೆ ಹೋಸ್ಟಿಂಗಿಗೆ ಸಾಗಿಸೋ ದಿನ ಬಂದರೆ ಇಷ್ಟು ನೆನಪಿರಲಿ.

ಸಾಗಿಸೋ ಎರಡು ಮೂರು ದಿನ ಮುಂಚೆಯೇ ಹಳೇ ಕಂಪನಿಯಲ್ಲಿ ದಾಖಲೆಗಳ ಟಿಟಿಎಲ್ ಅನ್ನ 300 ಸೆಕೆಂಡಿಗೆ ಇಳಿಸಿ. ಆಗ ಡೈರಿಗಳ ಆಯಸ್ಸು ಐದು ನಿಮಿಷಕ್ಕೆ ಬರುತ್ತೆ. ಸಾಗಿಸಿದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಎಲ್ಲರೂ ಹಳೇ ಆಯಸ್ಸಿನ ಉತ್ತರ ಬರೆದುಕೊಂಡಾಗಿರುತ್ತೆ. ಇರೋ ದಾಖಲೆಗಳನ್ನೆಲ್ಲ, ಎ, ಕ್ವಾಡ್ ಎ, ಎಂಎಕ್ಸ್, ಟಿಎಕ್ಸ್‌ಟಿ, ಒಂದು ಹಾಳೆಯಲ್ಲಿ ಬರೆದಿಡಿ. ಸಾಧ್ಯವಾದರೆ ಸರ್ವರ್ ಮತ್ತು ನೇಮ್‌ಸರ್ವರ್ ಎರಡನ್ನೂ ಒಂದೇ ದಿನ ಬದಲಾಯಿಸಬೇಡಿ. ಸಾಗಿಸೋ ಹೊತ್ತಿಗೆ ಹಳೇ ಸೈಟಿನಲ್ಲಿ ಆರ್ಡರ್, ಬುಕಿಂಗ್ ತಗೊಳ್ಳೋದನ್ನ ನಿಲ್ಲಿಸಿ. ಹಳೇ ಖಾತೆ ಕನಿಷ್ಠ ಒಂದು ವಾರ ಇರಲಿ, ಮುಚ್ಚೋ ಮುಂಚೆ ಅಲ್ಲಿಯ ಮೇಲ್ ಪೆಟ್ಟಿಗೆ ಒಮ್ಮೆ ತೆಗೆದು ನೋಡಿ. ಹೊಸ ಹೆಸರಿನ ದಾಖಲೆ ಮಾಡೋ ಮುಂಚೆಯೇ ಆ ಹೆಸರನ್ನ ಬ್ರೌಸರಿನಲ್ಲಿ ಹಾಕಿ ನೋಡೋ ಆತುರ ಬೇಡ. 'ಅಂಥ ಹೆಸರೇ ಇಲ್ಲ' ಅನ್ನೋ ಉತ್ತರವನ್ನೂ ರಿಸಾಲ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ.

ತೊಂದರೆ ಬಂದಾಗ ಮೊದಲು ಮೂಲವನ್ನ ಕೇಳಿ. ಸೈಟಿನ ಸ್ವಂತ ನೇಮ್‌ಸರ್ವರ್ ಸರಿಯಾದ ಉತ್ತರ ಕೊಡ್ತಿದ್ದು, ಬೇರೆಯವರ ಹತ್ತಿರ ಮಾತ್ರ ಹಳೇದಿದ್ದರೆ, ಉಳಿದಿರೋ ಸೆಕೆಂಡು ನೋಡಿಕೊಂಡು ನಿಶ್ಚಿಂತೆಯಿಂದ ಕಾಯಿರಿ. ಮೂಲವೇ ತಪ್ಪು ಹೇಳ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಇದೆಲ್ಲ ಮಾಡೋಕೆ ಬರಲ್ಲ ಅಂದರೂ ಅಡ್ಡಿಯಿಲ್ಲ. ಸಪೋರ್ಟಿನವರು 'ಕಾಯಿರಿ' ಅಂದಾಗ ಎರಡು ಪ್ರಶ್ನೆ ಕೇಳಿ: 'ಮೂಲದಲ್ಲಿ ಎಲ್ಲ ದಾಖಲೆ ಸರಿಯಾಗಿದೆಯಾ ಅಂತ ನೋಡಿದ್ರಾ? ಎಷ್ಟು ಗಂಟೆಗೆ ಮುಗಿಯುತ್ತೆ?' ಕೆಲಸ ಗೊತ್ತಿರೋರು ನೋಡಿ ಒಂದು ಸಮಯ ಹೇಳ್ತಾರೆ. ಮಾವ ಈಗ ಬ್ಯಾಂಕಿನಲ್ಲಿ, ತಾಲ್ಲೂಕು ಆಫೀಸಿನಲ್ಲಿ, ಕರೆಂಟ್ ಹೋದಾಗ ಲೈನ್‌ಮನ್ ಹತ್ತಿರ, ಎಲ್ಲ ಕಡೆ ಇದನ್ನೇ ಕೇಳ್ತಾರಂತೆ: "ಇದು ಹೂಮಳೆಯಾ, ಕಾಂಡಕೊರಕವಾ?" ಲೈನ್‌ಮನ್ ಒಬ್ಬರಿಗೆ ಮಾತ್ರ ಅದು ತಕ್ಷಣ ಅರ್ಥವಾಗುತ್ತೆ. ಅವರದ್ದೂ ಎರಡು ಎಕರೆ ಕಾಫಿ ಇದೆ.